ಉಕ್ಕಿನ ಮೇಲೆ ಮೂರು ಚುಕ್ಕೆ

ಕಳೆದ ತಿಂಗಳು ಸೆಂಬವಾಂಗ್‌ನಲ್ಲಿ, ಕಾರ್ಖಾನೆಗಳ ಸಾಲೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಎದುರಿನ ಶೆಡ್ಡಿನವರು ಷಟರ್ ಅರ್ಧ ಎತ್ತಿದ್ದರು. ಒಳಗಿನಿಂದ, ಉಕ್ಕು ಕೊರೆಯುವಾಗ ಮೆಷಿನ್ನಿಗೆ ಬಿಡುವ ಹಾಲಿನ ಬಣ್ಣದ ಎಣ್ಣೆನೀರಿನ ವಾಸನೆ ಬಂತು. ಸ್ವಲ್ಪ ಸುಟ್ಟ, ಸ್ವಲ್ಪ ಸಿಹಿಯಾದ ವಾಸನೆ. ಅದರ ಹಿಂದೆಯೇ ನಾಲಿಗೆಯ ಮೇಲೆ ಶೇಂಗಾ ಚಟ್ನಿಪುಡಿಯ ಖಾರ ಬಂತು. ಇವೆರಡೂ ನನಗೆ ಒಟ್ಟಿಗೆ ಬರುವುದು ಒಂದೇ ಒಂದು ವರ್ಷದ ಕಾರಣಕ್ಕೆ.

ಆ ವರ್ಷ ಈ ದ್ವೀಪದೇಶಕ್ಕೆ ಬಿಡುವೇ ಇರಲಿಲ್ಲ. ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ ಕ್ರೇನುಗಳು ಗುಂಪಾಗಿ ನಿಂತಿದ್ದವು. ಇನ್ನೂ ಗಟ್ಟಿಯಾಗಿದ್ದ ಕಾಂಡೋ ಅಪಾರ್ಟ್‌ಮೆಂಟುಗಳನ್ನು, ಒಡೆದು ಇನ್ನೂ ಎತ್ತರಕ್ಕೆ ಕಟ್ಟಲೆಂದು, ಇಡಿಯಾಗಿ ಮಾರುತ್ತಿದ್ದರು. ಸೆರಂಗೂನ್‌ನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಪಕ್ಕದ ಬ್ಲಾಕಿನ ಮನೆ ಎಷ್ಟಕ್ಕೆ ಹೋಯಿತೆಂದು ಹೇಳುತ್ತಿದ್ದಳು. ನಾನು ಬೆಂಗಳೂರಿನಲ್ಲಿ ಕಾನೂನು ಓದಿ, ಇಲ್ಲಿ ಎಲ್ಎಲ್ಎಂ ಮುಗಿಸಿ, ಚೈನಾಟೌನಿನ ಒಂದು ಸಣ್ಣ ವಕೀಲರ ಕಚೇರಿ ಸೇರಿದ್ದೆ. ಇಲ್ಲಿನ ಕೋರ್ಟಿನಲ್ಲಿ ನಿಂತು ವಾದಿಸುವ ಅಧಿಕಾರ ನನಗಿರಲಿಲ್ಲ. ಹಳೆಯ ತೀರ್ಪು ಹುಡುಕುವುದು, ಓದುವುದು, ಬರೆದುಕೊಡುವುದು ನನ್ನ ಕೆಲಸ. ಅದು ನನ್ನ ಸ್ವಭಾವಕ್ಕೂ ಒಗ್ಗುತ್ತಿತ್ತು. ಜನರ ಹತ್ತಿರ ಹೋಗದೆಯೇ ಅವರ ಕಷ್ಟದೊಳಗೆ ಓಡಾಡುವ ಕೆಲಸ ಅದು.

ದೀಪಾವಳಿ ಕಳೆದು ಮಳೆ ಹಿಡಿದುಕೊಂಡ ದಿನಗಳಲ್ಲಿ ನಮ್ಮ ಹಿರಿಯ ವಕೀಲೆ ಮಿಸ್ ಚುವಾ ನನ್ನನ್ನು ಕರೆದರು. ಅವರ ಮುಂದೆ, ತೊಡೆಯ ಮೇಲೆ ಒದ್ದೆ ಛತ್ರಿ ಇಟ್ಟುಕೊಂಡು, ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಹಣೆಯ ಮೇಲೆ ವಿಭೂತಿ ಅರ್ಧ ಅಳಿಸಿತ್ತು.

"ಇವರ ಇಂಗ್ಲಿಷ್ ಚೆನ್ನಾಗೇ ಇದೆ. ಆದರೆ ಹೆದರಿಕೆಯಾದಾಗ ಮಾತು ನಿಂತುಬಿಡುತ್ತೆ. ನಿನ್ನ ಭಾಷೆಯವರಂತೆ. ಮಾತಾಡಿಸು," ಅಂದರು ಮಿಸ್ ಚುವಾ.

ವೀರಣ್ಣ ಅಂಕಲ್ ಬೆಳಗಾವಿಯವರು. ಸೆಂಬವಾಂಗ್‌ನ ಶೆಡ್ಡಿನಲ್ಲಿ ಅವರ ಸಣ್ಣ ವರ್ಕ್‌ಶಾಪ್ ಇತ್ತು. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಬಳಸುವ ರೈಫಲ್ಲಿಗೆ, ಟ್ರಿಗರ್ ಕೂರುವ ಉಕ್ಕಿನ ಗೂಡೊಂದು ಬೇಕಾಗುತ್ತದೆ. ಅದರ ಎರಕವನ್ನು ಬೆಳಗಾವಿಯ ಫೌಂಡ್ರಿಯಲ್ಲಿ ಅವರ ತಮ್ಮ ಬಸವರಾಜ ಹೊಯ್ದು ಹಡಗಿನಲ್ಲಿ ಕಳಿಸುತ್ತಿದ್ದರು. ಇಲ್ಲಿ ಅಂಕಲ್ ಅದನ್ನು ಕೊರೆದು, ತೂತು ಹಾಕಿ, ನುಣುಪು ಮಾಡಿ ಯುರೋಪಿನ ಕಂಪನಿಗೆ ಒದಗಿಸುತ್ತಿದ್ದರು. ಮುಗಿದ ಗೂಡಿಗೆ ಲೈಸೆನ್ಸ್ ಇತ್ತು, ಒಂದೊಂದಕ್ಕೂ ಲೆಕ್ಕವಿತ್ತು. ಊರಿಂದ ಬರುವ ಒರಟು ಎರಕ ಮಾತ್ರ ಇಷ್ಟು ವರ್ಷ ಬರೀ ಉಕ್ಕೆಂದು ಬಂದರಿನಿಂದ ಹೊರಬರುತ್ತಿತ್ತು.

ಈಗ ಬಂದೂಕಿನ ಲೈಸೆನ್ಸ್ ಕೊಡುವ ಇಲಾಖೆ ಹೊಸ ಆದೇಶ ಹೊರಡಿಸಿತ್ತು. ಬಂದೂಕಿನ ಭಾಗ ಪೂರ್ತಿ ಮುಗಿದಿರದಿದ್ದರೂ ಅದು ಭಾಗವೇ. ಮೊದಲೇ ಅನುಮತಿ ಪಡೆಯದೆ ತರುವಂತಿಲ್ಲ. ಆದೇಶ ಬಂದಾಗ ಅಂಕಲ್‌ರ ಪೆಟ್ಟಿಗೆಗಳು ಸಮುದ್ರದ ಮೇಲಿದ್ದವು. ದಡ ಮುಟ್ಟುತ್ತಿದ್ದಂತೆ ಅವನ್ನು ವಶಕ್ಕೆ ತೆಗೆದುಕೊಂಡರು. ಲೈಸೆನ್ಸ್ ಅಮಾನತಾಯಿತು. ಪೂರ್ತಿ ರದ್ದಾದರೆ ವರ್ಕ್‌ಶಾಪ್ ಮುಚ್ಚಬೇಕು. ವರ್ಕ್‌ಶಾಪ್ ಮುಚ್ಚಿದರೆ ಇಲ್ಲಿದ್ದು ದುಡಿಯಲು ಕೊಟ್ಟ ಅವರ ಪಾಸ್ ಹೋಗುತ್ತದೆ, ಸಂಸಾರ ಸಮೇತ ಈ ದೇಶ ಬಿಡಬೇಕು. ಮಗಳು ಪೂಜಾ ಸೆಕೆಂಡರಿ ಶಾಲೆಯ ಕೊನೆಯ ವರ್ಷದಲ್ಲಿದ್ದಳು.

"ಮೇಡಂ, ಗೋಧಿ ಹಿಟ್ಟು ತಂದವನ್ನ ಹಿಡಿದು ಚಪಾತಿ ತಂದಿದ್ದೀಯ ಅಂದ್ರೆ ಏನ್ ಹೇಳ್ಲಿ?" ಅಂದರು ಅಂಕಲ್. ನನ್ನ ಜೊತೆ ಕಷ್ಟಪಟ್ಟು ಬೆಂಗಳೂರು ಮಾತು ಆಡುತ್ತಿದ್ದರು.

ನಾನದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮಿಸ್ ಚುವಾ ನಕ್ಕು, ತಕ್ಷಣ ನಗು ನಿಲ್ಲಿಸಿದರು. "ಚಪಾತಿಯಿಂದ ಯಾರೂ ಸಾಯೋದಿಲ್ಲ ಅಂತ ಇಲಾಖೆಯ ವಕೀಲ ಹೇಳ್ತಾನೆ. ಸರಿಯಾಗೇ ಹೇಳ್ತಾನೆ. ಈ ಊರಲ್ಲಿ ನನ್ನ ಅಮ್ಮ ಯಾವ ಹೊತ್ತಲ್ಲಾದರೂ ಒಬ್ಬಳೇ ಬಸ್ ಹತ್ತುತ್ತಾಳೆ, ಈ ಕಾನೂನು ಇರೋದರಿಂದ. ನಾವು ಕಾನೂನಿನ ಮೇಲೆ ಜಗಳಕ್ಕೆ ಹೋಗ್ತಿಲ್ಲ. ಅದು ಎಲ್ಲಿಂದ ಶುರುವಾಗುತ್ತೆ ಅಂತ ಕೋರ್ಟಲ್ಲಿ ಕೇಳ್ತೀವಿ, ಅಷ್ಟೇ."

ಆ ಮಳೆಗಾಲವೆಲ್ಲ ನಾನು ಆ ಒಂದು ಪ್ರಶ್ನೆಯೊಳಗೇ ಇದ್ದೆ. ಉಕ್ಕು ಯಾವ ಗಳಿಗೆಯಲ್ಲಿ ಬಂದೂಕಾಗುತ್ತದೆ? ಅಚ್ಚಿನಿಂದ ಹೊರಬಿದ್ದಾಗಲೇ? ಮೊದಲ ತೂತು ಬಿದ್ದಾಗಲೇ? ಬೇರೆ ಬೇರೆ ದೇಶಗಳ ತೀರ್ಪುಗಳನ್ನು ಓದಿದೆ. ಕೆಲವು ನ್ಯಾಯಾಧೀಶರು ಆಕಾರವನ್ನು ನೋಡಿದ್ದರು, ಕೆಲವರು ಉದ್ದೇಶವನ್ನು, ಕೆಲವರು ಇನ್ನೆಷ್ಟು ಕೆಲಸ ಬಾಕಿಯಿದೆ ಎಂಬುದನ್ನು. ಯಾರದೂ ಯಾರದಕ್ಕೂ ಹೊಂದುತ್ತಿರಲಿಲ್ಲ. ಮಧ್ಯಾಹ್ನ ಗುಡುಗಿ ಸುರಿಯುವ ಮಳೆಗೆ ಕಚೇರಿಯ ಮರದ ಕಿಟಕಿಗಳನ್ನು ಎಳೆದುಕೊಂಡು, ದೀಪ ಹಾಕಿಕೊಂಡು ಓದುತ್ತಿದ್ದೆ. ಆ ಹೊತ್ತು ನನಗೆ ಇಷ್ಟವಾಗುತ್ತಿತ್ತು.

ಶನಿವಾರಗಳಂದು ಕೆಲಸದ ವಿವರ ತಿಳಿಯಲು ಸೆಂಬವಾಂಗ್‌ಗೆ ಹೋಗುತ್ತಿದ್ದೆ. ಮೆಷಿನ್ನುಗಳು ನಿಂತಿದ್ದವು. ಆದರೂ ಅಂಕಲ್ ದಿನವೂ ಬಂದು ಅವುಗಳನ್ನು ಒರೆಸಿ, ಎಣ್ಣೆನೀರು ಹಳಸದಂತೆ ಸ್ವಲ್ಪ ಹೊತ್ತು ಓಡಿಸಿಡುತ್ತಿದ್ದರು. ಹೀಗಾಗಿ ಕೆಲಸವಿಲ್ಲದ ಶೆಡ್ಡಿನಲ್ಲೂ ಆ ವಾಸನೆ ಇರುತ್ತಿತ್ತು. ಅಂಕಲ್‌ರ ಹೆಂಡತಿ ಗಿರಿಜಾ ಆಂಟಿ ಬುಕಿತ್ ಪಂಜಾಂಗ್‌ನ ಮನೆಯಿಂದ ಇಬ್ಬರಿಗೂ ಊಟ ಕಳಿಸುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ. ಮೊದಲ ವಾರದ ಡಬ್ಬಿಯನ್ನು ನಾನು ತೊಳೆದು, ಒರೆಸಿ, ಒಳಗೆ ಟಿಶ್ಯೂ ಹಾಸಿ, ಅವರ ಮನೆಗೇ ಹೋಗಿ ಕೊಟ್ಟೆ.

ಆಂಟಿ ಮುಚ್ಚಳ ತೆಗೆದು ನೋಡಿದರು. "ಇದೇನ ವಿನುತಾ, ಖಾಲಿ ಡಬ್ಬಿ?"

"ತೊಳ್ದಿದೀನಿ ಆಂಟಿ."

"ತೊಳದೀ ಖರೆ. ಖಾಲಿ ಡಬ್ಬಿ ಯಾರರ ತಿರುಗಿ ಕೊಡತಾರೇನ? ಒಂದ ಹಳಕ ಸಕ್ರಿನರ ಹಾಕಬೇಕವಾ. ಮೈಸೂರ ಕಡೆ ಮಂದಿಗೆ ಇಷ್ಟೂ ಗೊತ್ತಿಲ್ಲ?"

ಪೂಜಾ ಸೋಫಾದಿಂದ ತಲೆ ಎತ್ತಿ, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ ಅಂದಳು. "ಅಮ್ಮಾ, ಶಿ ಈಸ್ ಲಾಯರ್ ಲಾ. ಪ್ರೂಫ್ ಇಲ್ದೆ ಏನೂ ಹಾಕಲ್ಲ."

ನಾನೂ ನಕ್ಕೆ. ಆದರೆ ರೂಢಿ ನನ್ನ ಕೈಗೆ ಬರಲಿಲ್ಲ. ಯಾರದನ್ನೂ ಇಟ್ಟುಕೊಳ್ಳಬಾರದು, ತೆಗೆದುಕೊಂಡದ್ದನ್ನು ತೆಗೆದುಕೊಂಡ ಹಾಗೇ ಹಿಂದಿರುಗಿಸಬೇಕು ಎಂಬುದೇ ಅದುವರೆಗೆ ನಾನು ಕಲಿತಿದ್ದ ಮರ್ಯಾದೆ. ಅದರಲ್ಲಿ ಸಕ್ಕರೆಗೆ ಜಾಗವಿರಲಿಲ್ಲ.

ವಶಪಡಿಸಿಕೊಂಡ ಮಾಲನ್ನು ನೋಡಲು ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಅಂಕಲ್‌ಗೆ ಪ್ರವೇಶವಿರಲಿಲ್ಲ. ನಾನು, ಮಿಸ್ ಚುವಾ ಹೋದೆವು. ಇಲಾಖೆಯವರು ಉದ್ದ ಮೇಜಿನ ಮೇಲೆ ಬಟ್ಟೆ ಹಾಸಿ, ಪ್ರತಿ ಪೆಟ್ಟಿಗೆಯಿಂದ ಕೆಲವು ಎರಕಗಳನ್ನು ತೆಗೆದಿಟ್ಟಿದ್ದರು. ಬೂದು ಬಣ್ಣದ, ಒರಟಾದ, ಅಂಗೈಗೆ ಹಿಡಿಯುವಷ್ಟು ಉಕ್ಕು. ಏನೆಂದು ಗೊತ್ತಿರದವರು ಹಳೆಯ ಬೀಗದ ಚೂರೆಂದುಕೊಳ್ಳಬೇಕು. ಕೊನೆಯ ಪೆಟ್ಟಿಗೆಯ ಎರಕಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಅವುಗಳ ಪಕ್ಕೆಯ ಮೇಲೆ ಮೂರು ಸಣ್ಣ ಚುಕ್ಕೆಗಳಿದ್ದವು. ತೂತು ಬೀಳಬೇಕಾದ ಜಾಗದಲ್ಲಿ ಮೊನಚು ಪಂಚಿಟ್ಟು ಸುತ್ತಿಗೆಯಿಂದ ಹೊಡೆದ ಗುರುತುಗಳು. ಆ ಪೆಟ್ಟಿಗೆಯ ಎಲ್ಲದರಲ್ಲೂ ಇದ್ದವು.

ಇಲಾಖೆಯ ಅಧಿಕಾರಿ ಸಭ್ಯ ಮನುಷ್ಯ. ನಾವು ನೋಡುವುದು ಮುಗಿಯುವ ತನಕ ಕಾದು, ಆಮೇಲೆ ಹೇಳಿದರು. "ಈ ಗುರುತು ಇಲ್ಲದಿದ್ದರೆ ತೂತು ಎಲ್ಲಿ ಅಂತ ಹುಡುಕಲು ನಕ್ಷೆ ಬೇಕು, ಅಳತೆ ಬೇಕು, ಒಳ್ಳೆ ಮೆಷಿನ್ ಬೇಕು. ಗುರುತಿದ್ದರೆ ಅಡುಗೆಮನೆಯಲ್ಲಿ ಕೂತು ಕೈ ಡ್ರಿಲ್ಲಿನಿಂದ ಮುಗಿಸಬಹುದು. ನಮ್ಮ ಹೆದರಿಕೆ ಅದೇ."

ಅವರ ಮಾತು ನಿಜವಾಗಿತ್ತು.

ಹೊರಗೆ ಟ್ಯಾಕ್ಸಿಗೆ ಕಾಯುತ್ತ ಮಿಸ್ ಚುವಾ ಹೇಳಿದರು. "ನಕ್ಷೆಯಲ್ಲಿ ಈ ಚುಕ್ಕೆ ಇಲ್ಲ. ಅಂದರೆ ಕಳಿಸಿದವರು ಒಪ್ಪಂದ ಮೀರಿದ್ದಾರೆ. ತಪ್ಪು ಸರಬರಾಜುದಾರನದು, ನಮ್ಮ ಕಕ್ಷಿದಾರನಿಗೆ ಗೊತ್ತೇ ಇರಲಿಲ್ಲ. ಹೀಗೆ ಬರೆದರೆ ಲೈಸೆನ್ಸ್ ಉಳಿಯಬಹುದು. ಅವರ ಸಹಿ ಹಾಕಿಸು."

ಆ ಶನಿವಾರ ಫೋಟೋಗಳನ್ನು ವರ್ಕ್‌ಶಾಪಿನ ಬೆಂಚಿನ ಮೇಲೆ ಹರಡಿದೆ. ಅಂಕಲ್ ಕನ್ನಡಕ ಏರಿಸಿ ಒಂದನ್ನು ಬೆಳಕಿಗೆ ಹಿಡಿದರು.

"ಇದು ಬಸೂನ ಕೈ," ಅಂದರು. ಮಾತು ತಾನಾಗಿ ಬೆಳಗಾವಿಗೆ ಹೋಗಿತ್ತು. "ನೋಡ್ರಿಲ್ಲೆ, ಪಂಚ ಎಡಕ್ಕ ವಾಲೇದ. ಸಣ್ಣಾಂವಿದ್ದಾಗಿಂದ ಹಂಗ. ಎಷ್ಟ ಬೈದ್ರೂ ಸುದ್ದ ಆಗಲಿಲ್ಲ."

"ನೀವು ಮಾಡು ಅಂದಿದ್ರಾ ಅಂಕಲ್?"

"ಇಲ್ಲ. ಶ್ರಾವಣದಾಗ ಫೋನ್ ಮಾಡಿದಾಗ ಅಂದಿದ್ದೆ, ಗುರ್ತ ಹಾಕೂದ್ರಾಗ ಕಣ್ಣ ಸೋಲಾಕತ್ತಾವೋ ಬಸು ಅಂತ. ಅಷ್ಟ."

ನಾನು ಮಿಸ್ ಚುವಾ ಸಿದ್ಧಪಡಿಸಿದ ಹೇಳಿಕೆಯನ್ನು ಮುಂದಿಟ್ಟು ಅರ್ಥ ಹೇಳಿದೆ. ಸರಬರಾಜುದಾರನ ಲೋಪ ಎಂಬ ಸಾಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಸರಬರಾಜುದಾರ ಅಂದ್ರ ಯಾರು? ಬಸೂನೇ?"

"ಕಾಗದದಲ್ಲಿ ಹಾಗೇ ಬರೀಬೇಕು ಅಂಕಲ್. ಇಲ್ದಿದ್ರೆ ಲೈಸೆನ್ಸ್ ಹೋಗ್ಬಹುದು. ಪೂಜಾ ಸ್ಕೂಲು..."

"ಪೂಜಾನ ಸಾಲಿ ನನಗ ಗೊತ್ತಿಲ್ಲೇನ್ರಿ?" ಮೊದಲ ಸಲ ಅವರ ದನಿ ಏರಿತು. ಆಮೇಲೆ ತಗ್ಗಿಸಿದರು. "ನನ್ನ ಕಣ್ಣಿಗೆ ತ್ರಾಸ ಆಗಬಾರದಂತ ಮಾಡ್ಯಾನ. ಅಂವ ತಪ್ಪ ಮಾಡ್ಯಾನ, ಒಪ್ಪಂದ ಮುರದಾನ ಅಂತ ಕೋರ್ಟಿನ್ಯಾಗ ನಾ ಹೇಳಂಗಿಲ್ಲ. ಬೇಕಾದ್ರ ಗಂಟುಮೂಟಿ ಕಟಗೊಂಡ ಊರಿಗೆ ಹೊಕ್ಕೀನಿ."

ಹೊರಗೆ ಮಳೆ ಶೆಡ್ಡಿನ ತಗಡಿನ ಮೇಲೆ ಬೀಳುತ್ತಿತ್ತು. ಇಬ್ಬರೂ ರೊಟ್ಟಿ ಮುಟ್ಟಲಿಲ್ಲ. ಸಹಿಯಿಲ್ಲದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಹೋಗುವ ರೈಲಿನಲ್ಲಿ ಮಡಿಲಲ್ಲಿದ್ದ ನನ್ನ ಪಾಲಿನ ಊಟದ ಡಬ್ಬಿ ಇನ್ನೂ ಬೆಚ್ಚಗೆ ತಾಗುತ್ತಿತ್ತು. ಖಾಲಿ ಡಬ್ಬಿ ಯಾರಾದರೂ ಕೊಡುತ್ತಾರಾ ಎಂದು ಆಂಟಿ ಕೇಳಿದ್ದು ಆಗ ನೆನಪಾಯಿತು. ಆ ಮನೆಯವರಿಗೆ ಏನನ್ನಾದರೂ ಬರಿದಾಗಿ ಕಳಿಸುವುದೇ ಬರುವುದಿಲ್ಲ. ಎರಕ ಬರೀ ಎರಕವಾಗಿ ಹೋಗಬೇಕೆಂಬುದು ನಕ್ಷೆಯಲ್ಲಿತ್ತು. ಅಣ್ಣನಿಗೆ ಹೋಗುವ ಪೆಟ್ಟಿಗೆ ಎಂದುಕೊಂಡು ಕೂತ ತಮ್ಮನಿಗೆ ನಕ್ಷೆ ಸಾಕಾಗಿರಲಿಕ್ಕಿಲ್ಲ.

ಸೋಮವಾರ ಮಿಸ್ ಚುವಾಗೆ, ಒಂದು ಫೋನ್ ಮಾಡಲು ಬಿಡಿ ಅಂದೆ. ನಾನಾಗಿ ಏನನ್ನೂ ಕೇಳದವಳೆಂದೋ ಏನೋ, ಅವರು ಹೂಂ ಅಂದರು.

ಬೆಳಗಾವಿಯಲ್ಲಿ ಫೋನೆತ್ತಿದ ಬಸವರಾಜ ಅವರ ಹಿಂದೆ ಫೌಂಡ್ರಿಯ ಸದ್ದು ಜೋರಾಗಿತ್ತು. ಚುಕ್ಕೆಗಳಿಂದಾದ ತೊಂದರೆ ಅವರಿಗೆ ಗೊತ್ತಿರಲಿಲ್ಲ. ಅಣ್ಣ ಹೇಳಿರಲಿಲ್ಲ. ನಾನು ಹೇಳಿದೆ. ಸದ್ದು ದೂರವಾಯಿತು, ಅವರು ಹೊರಗೆ ಬಂದಿರಬೇಕು.

"ನನ್ನಿಂದ ಹಿಂಗಾತೇನ್ರಿ ಮೇಡಂ?"

"ನಿಮ್ಮಿಂದ ಅಂತಲ್ಲ ಸರ್. ಯಾಕೆ ಹೊಡೆದ್ರಿ ಅಂತ ನಿಮ್ಮ ಬಾಯಿಂದ ಕೇಳ್ಬೇಕಿತ್ತು."

"ಅಣ್ಣ ಕಣ್ಣಿಗೆ ತ್ರಾಸ ಆಗತದ ಅಂದಿದ್ದ. ಕಡೀ ಪೆಟಗಿಗಷ್ಟ ಟೈಮ ಸಿಕ್ಕಿತ್ರಿ, ಅದನ್ನ ನಾನ ಕುಂತ ಹೊಡದೀನ್ರಿ, ಮಂದಿ ಕೈಲೆ ಕೊಡಲಿಲ್ಲ. ಹೇಳಿದ್ರ ಬ್ಯಾಡ ಅಂತಿದ್ದ, ಅದಕ ಹೇಳಲಿಲ್ಲ. ಬರೇ ಎರಕಾ ಹಂಗ ಕಳಸೂದಂದ್ರ... ಪಾರ್ಟಿ ಮಂದಿಗೆ ಕಳಸತೀವಿ. ಅಣ್ಣಗ ಹೆಂಗ ಕಳಸೂದ್ರಿ?" ಸ್ವಲ್ಪ ತಡೆದು, "ಅಣ್ಣ ಬರ್ಯಾಕ ಒಲ್ಲೆ ಅಂದಿರಬೇಕಲ್ಲ? ಅಂವ ಹಂಗ. ನಾನ ಬರದ ಕೊಡತೀನಿ, ಇದ್ದದ್ದ ಇದ್ದಂಗ. ನೋಟರಿ ನಮ್ಮ ಓಣ್ಯಾಗ ಅದಾನ."

ಅವರ ಅಫಿಡವಿಟ್ ಬಂತು. ಅದರಲ್ಲಿ ಕ್ಷಮೆಯೂ ಇರಲಿಲ್ಲ, ನೆಪವೂ ಇರಲಿಲ್ಲ. ಮಿಸ್ ಚುವಾ ಎರಡು ಸಲ ಓದಿದರು. "ಇದು ಡಿಫೆನ್ಸ್ ಅಲ್ಲ. ಎದುರು ಪಕ್ಷಕ್ಕೆ ನಾವೇ ಕೊಡುವ ಸಾಕ್ಷಿ," ಅಂದರು. ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. "ಆದರೆ ನಿಜ. ಹಾಕು. ಆ ಒಂದು ಪೆಟ್ಟಿಗೆ ನಮ್ಮದಲ್ಲ ಅಂತ ಹೇಳುವುದು ಬೇಡ, ಅದನ್ನು ಒಪ್ಪಿಸಿಬಿಡೋಣ. ಉಳಿದವುಗಳಿಗೆ ಹೋರಾಡೋಣ."

ಹಾಗೆ ಬರೆದ ಹೊಸ ಹೇಳಿಕೆಗೆ ಈ ಸಲ ಅಂಕಲ್ ಸಹಿ ಹಾಕಿದರು. ತಮ್ಮನ ಹೇಳಿಕೆಯನ್ನು ಕೈಯಲ್ಲಿ ಹಿಡಿದು, "ಇಂಗ್ಲೀಷನ್ಯಾಗ ಅಂವ ಭಾಳ ಶಾಣ್ಯಾ ಕಾಣಸ್ತಾನ," ಅಂದರು.

ವಿಚಾರಣೆಯ ಹೊತ್ತಿಗೆ ಮಳೆ ಹಿಂದೆಗೆದು, ಚೀನೀ ಹೊಸವರ್ಷದ ಕೆಂಪು ದೀಪಗಳು ನಮ್ಮ ಬೀದಿಯಲ್ಲಿ ತೂಗುತ್ತಿದ್ದವು. ನಾನು ಹಿಂದಿನ ಬೆಂಚಿನಲ್ಲಿ, ಅಂಕಲ್ ಪಕ್ಕದಲ್ಲಿ ಕೂತೆ. ಸರ್ಕಾರದ ವಕೀಲ ಚಿಕ್ಕ ವಯಸ್ಸಿನವನು, ಆತುರವಿಲ್ಲದವನು. ಮುಗಿಯದ ಭಾಗಗಳನ್ನು ಬಿಟ್ಟರೆ ಕಾನೂನಿಗೆ ಅರ್ಥವೇ ಇಲ್ಲ, ಎಲ್ಲರೂ ಒಂದು ತೂತು ಬಾಕಿಯಿಟ್ಟು ತರಿಸಿಕೊಳ್ಳುತ್ತಾರೆ ಎಂದು ವಾದಿಸಿದ. ಚುಕ್ಕೆಗಳಿದ್ದ ಎರಕವನ್ನು ಎತ್ತಿ ತೋರಿಸಿದ. ನನ್ನ ಪಕ್ಕದಲ್ಲಿ ಅಂಕಲ್ ಕಣ್ಣು ತಗ್ಗಿಸಿದರು.

ನ್ಯಾಯಾಧೀಶರು ಆ ಎರಕವನ್ನು ತರಿಸಿಕೊಂಡು ಚುಕ್ಕೆಗಳ ಮೇಲೆ ಉಗುರಾಡಿಸಿದರು. ಆಮೇಲೆ ಚುಕ್ಕೆಯಿಲ್ಲದ ಒಂದನ್ನೂ ಕೇಳಿದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು.

"ಇದನ್ನು ಮನೆಯಲ್ಲಿ ಮುಗಿಸಬಹುದು ಅಂದಿರಿ. ಇದನ್ನು?"

"ಅದು ಕಷ್ಟ, ಯುವರ್ ಆನರ್. ಕಾರ್ಖಾನೆ ಬೇಕಾಗುತ್ತದೆ."

"ಹಾಗಾದರೆ ಇವೆರಡರ ನಡುವೆ ಒಂದು ಗೆರೆ ಇದೆ. ನಿಮಗೆ ಅದು ಗೊತ್ತಿತ್ತು. ನನಗೆ ಈಗ ಗೊತ್ತಾಯಿತು." ಅವರು ನಮ್ಮ ಬೆಂಚಿನ ಕಡೆ ನೋಡಿದರು. "ಈ ಮನುಷ್ಯನಿಗೆ ಯಾವಾಗ ಗೊತ್ತಾಗಬೇಕಿತ್ತು?"

ನಾನು ಅಷ್ಟು ತಿಂಗಳು ತೀರ್ಪುಗಳಲ್ಲಿ ಹುಡುಕಿದ ಗೆರೆ ಅವರ ಮೇಜಿನ ಮೇಲಿತ್ತು. ಅದನ್ನು ಎಳೆದವರು ಬೆಳಗಾವಿಯಲ್ಲಿದ್ದರು, ಪಂಚು ಎಡಕ್ಕೆ ವಾಲಿಸಿಕೊಂಡು.

ತೀರ್ಪಿನಲ್ಲಿ ನಾವು ಪೂರ್ತಿ ಗೆಲ್ಲಲಿಲ್ಲ. ಮುಗಿಯದ ಭಾಗಗಳನ್ನೂ ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ ಎಂದಾಯಿತು. ಆದರೆ ಯಾವ ಹಂತದಿಂದ ಎಂದು ಮೊದಲೇ ಹೇಳಬೇಕು. ಪೆಟ್ಟಿಗೆ ಒಡೆದ ಮೇಲೆ ಹೇಳುವಂತಿಲ್ಲ. ಅಮಾನತನ್ನು ತೆಗೆದುಹಾಕಿ, ಇಲಾಖೆ ಮತ್ತೆ ಪರಿಶೀಲಿಸಲಿ ಎಂದರು. ಕೆಲವು ವಾರಗಳಲ್ಲಿ ಇಲಾಖೆಯಿಂದ ಚಿಕ್ಕ, ಸ್ಪಷ್ಟ ಸೂಚನೆ ಬಂತು. ತೂತಿನ ಜಾಗ ಗುರುತಾಗುವ ತನಕ ಅದು ಎರಕ. ಗುರುತು ಬಿದ್ದ ಕ್ಷಣದಿಂದ ಭಾಗ. ಓದಿ ಮಿಸ್ ಚುವಾ, "ಇಷ್ಟು ಒಳ್ಳೆಯ ಸಾಲನ್ನು ನಾನೂ ಬರೆಯುತ್ತಿರಲಿಲ್ಲ," ಅಂದರು. ಅವರ ಬಾಯಿಂದ ಎದುರು ಪಕ್ಷಕ್ಕೆ ಹೊಗಳಿಕೆ ಕೇಳಿದ್ದು ನಾನು ಅದೊಂದೇ ಸಲ.

ಚುಕ್ಕೆಯ ಪೆಟ್ಟಿಗೆಯನ್ನು ಮಾತ್ರ ನಾಶ ಮಾಡಬೇಕಿತ್ತು. ಗುಜರಿ ಅಂಗಳದ ದೊಡ್ಡ ಪ್ರೆಸ್ಸಿನ ಮುಂದೆ ಅಧಿಕಾರಿ, ಅಂಕಲ್, ನಮ್ಮ ಕಚೇರಿಯ ಪರವಾಗಿ ನಾನು. ಬಿಸಿಲು ಚುರುಗುಡುತ್ತಿತ್ತು. ಒಂದನ್ನು ನೆನಪಿಗೆ ಇಟ್ಟುಕೊಳ್ಳಬಹುದೇ ಎಂದು ಅಂಕಲ್ ಕೇಳಲಿಲ್ಲ, ಕೇಳಬಾರದೆಂದು ಅವರಿಗೆ ಗೊತ್ತಿತ್ತು. ಪೆಟ್ಟಿಗೆ ಖಾಲಿಯಾಗುವ ಮೊದಲು ಕೊನೆಯದನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಚುಕ್ಕೆಗಳನ್ನು ಒಮ್ಮೆ ಒರೆಸಿ, ಅಧಿಕಾರಿಯ ಕೈಗೆ ತಾವೇ ಕೊಟ್ಟರು.

ಗೇಟಿನ ಹೊರಗೆ ಬಂದು ಫೋನ್ ಮಾಡಿದರು. ನಾನು ಸ್ವಲ್ಪ ದೂರ ನಿಂತೆ. ಆದರೂ ಕೇಳಿಸಿತು.

"ಬಸೂ... ಹ್ಞೂಂ, ಎಲ್ಲಾ ಸುದ್ದ ಆತು. ಕೇಳಿಲ್ಲೆ, ಇನ್ನ ಮುಂದ ಅರ್ಧಾನ ಕಳಸು. ಉಳದದ್ದ ನಾ ಮಾಡಕೋತೀನಿ... ಕಣ್ಣಿಗೆ ಹೊಸಾ ಚಾಳೀಸ ಹಾಕ್ಕೋತೀನೋ ಮಾರಾಯಾ, ನೀ ಸುಮ್ಮನ ಇರು."

ವರ್ಕ್‌ಶಾಪ್ ಮತ್ತೆ ಶುರುವಾಯಿತು. ಹೊಸ ಪೆಟ್ಟಿಗೆಗಳು ಬಂದ ಶನಿವಾರ ನನ್ನನ್ನೂ ಕರೆದಿದ್ದರು. ಮುಚ್ಚಳ ತೆಗೆದಾಗ ಎರಕಗಳು ಬರಿದಾಗಿ, ಬೂದಾಗಿ, ಒಂದು ಗೀರೂ ಇಲ್ಲದೆ ಮಲಗಿದ್ದವು. ಅಂಕಲ್ ಒಂದೊಂದನ್ನೂ ತಿರುಗಿಸಿ ನೋಡಿದರು. ಸಮಾಧಾನದ ಜೊತೆಗೆ ಅವರ ಮುಖದಲ್ಲಿ ಇನ್ನೇನೋ ಸ್ವಲ್ಪ ಕಮ್ಮಿಯಾದ ಹಾಗೆ ಕಂಡಿತು. ಆಮೇಲೆ ಪೆಟ್ಟಿಗೆಯ ಮೂಲೆಯಲ್ಲಿ, ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ಕು ಸುತ್ತಿದ ಕರದಂಟಿನ ಕಟ್ಟು ಸಿಕ್ಕಿತು. ಸರಕಿನ ಕಾಗದ ತೆಗೆದು ಓದಿದೆ. ಎರಕದ ಕೆಳಗೆ, ಬೇರೆ ಸಾಲಿನಲ್ಲಿ, ತೂಕದ ಸಮೇತ ಬರೆದಿತ್ತು: ಸಿಹಿತಿಂಡಿ, ಮನೆ ಬಳಕೆಗೆ. ಬಂದರಿನ ಮುದ್ರೆಯೂ ಬಿದ್ದಿತ್ತು.

"ಡಿಕ್ಲೇರ್ ಮಾಡಿದ್ದಾರೆ ಅಂಕಲ್," ಅಂದೆ. ಅವರು ಕೂತುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ.

ಇದೆಲ್ಲ ಸೆಂಬವಾಂಗ್‌ನ ಬಸ್ ನಿಲ್ದಾಣದಲ್ಲಿ ನಿಂತು ನೆನಪಾದದ್ದು. ನಾನು ಆಮೇಲೆ ಈ ದೇಶದಲ್ಲೇ ಉಳಿದೆ. ಪೂಜಾ ಈಗ ಪಾಲಿಟೆಕ್ನಿಕ್ಕಿನಲ್ಲಿ ಮೆಷಿನ್ನುಗಳ ಬಗ್ಗೆಯೇ ಓದುತ್ತಿದ್ದಾಳೆ. ಬಸ್ಸು ಬಂದಾಗ ಹತ್ತಲಿಲ್ಲ. ಅಂಕಲ್‌ರ ಶೆಡ್ಡು ಎರಡು ಸಾಲು ಆಚೆಗಿತ್ತು, ಮತ್ತು ಆಂಟಿಯ ಒಂದು ಡಬ್ಬಿ ಕೆಲವು ವಾರಗಳಿಂದ ನನ್ನ ಚೀಲದಲ್ಲೇ ಓಡಾಡುತ್ತಿತ್ತು. ತೊಳೆದದ್ದು. ಮೂಲೆಯ ಅಂಗಡಿಯಲ್ಲಿ ಕಲ್ಲುಸಕ್ಕರೆ ಕೇಳಿದೆ. ಅಂಗಡಿಯಾಕೆ ಕೊಡಲು ಹೊರಟ ಪ್ಲಾಸ್ಟಿಕ್ ಚೀಲ ಬೇಡವೆಂದು, ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ.